ಆರಂಭದ ದಾಸ್ತಾನು

"ಓರೆ ಮಾಡಿ, ಅಕ್ಕಾವ್ರೇ, ಇನ್ನೂ ಸ್ವಲ್ಪ ಓರೆ ಮಾಡಿ!" ಎಂದು ಉದ್ದಣ್ಣ ಬೀರುವಿನ ಆ ತುದಿಯಿಂದ ಕೂಗಿದ. ಬೀರು ನಡುಮನೆಯ ಬಾಗಿಲಿಗೆ ಸಿಕ್ಕಿಕೊಂಡು ಆಚೆಗೂ ಹೋಗದೆ ಈಚೆಗೂ ಬಾರದೆ ನಿಂತುಬಿಟ್ಟಿತ್ತು. ಒಳಕೋಣೆಯಿಂದ ಶವಪೆಟ್ಟಿಗೆ ಹೊರಗೆ ಬರಬೇಕಾದರೆ ಮೊದಲು ಬೀರು ಜಾಗ ಬಿಡಬೇಕಿತ್ತು. ಈ ತುದಿ ಹಿಡಿದಿದ್ದವಳು ಚಿಕ್ಕ ಗುಮಾಸ್ತೆ. ವಯಸ್ಸು ನಲವತ್ತೊಂದು ತುಂಬಿ, ಬೈತಲೆಯಲ್ಲಿ ಬಿಳಿಕೂದಲು ಇಣುಕುತ್ತಿದ್ದರೂ ನಲ್ಲಿ-ಪೈಪಿನ ಸಗಟು ಅಂಗಡಿಯಲ್ಲಿ ಅವಳು ಚಿಕ್ಕವಳೇ. ಯಾಕೆಂದರೆ ಅಲ್ಲಿ ದೊಡ್ಡ ಗುಮಾಸ್ತರು ಅಂತ ಒಬ್ಬರಿದ್ದರು. ಈಗ ಒಳಗೆ ಪೆಟ್ಟಿಗೆಯಲ್ಲಿ ಮಲಗಿದ್ದವರು ಅವರೇ.

"ಅವರಿದ್ದಿದ್ರೆ ಅಳತೆ ತಗೊಂಡು ಆಮೇಲೆ ಎತ್ತಿ ಅಂದಿರೋರು," ಎಂದ ಉದ್ದಣ್ಣ ಏದುಸಿರು ಬಿಡುತ್ತ. ಗೋಡೌನಿನಲ್ಲಿ ಇಪ್ಪತ್ತು ವರ್ಷ ಸರಕು ಹೊತ್ತ ಹಮಾಲಿ ಅವನು. ಅಟ್ಟದ ಮೇಲಿನ ಡಬ್ಬಕ್ಕೂ ಏಣಿಯಿಲ್ಲದೆ ಕೈ ಎಟುಕುತ್ತಿದ್ದುದರಿಂದ ಹುಟ್ಟುಹೆಸರು ಎಲ್ಲರಿಗೂ ಮರೆತೇ ಹೋಗಿತ್ತು.

"ತಗೊಂಡಿದ್ರು ಕಣಪ್ಪ," ಎಂದರು ಗುಮಾಸ್ತರ ಹೆಂಡತಿ, ಗೋಡೆಗೆ ಒರಗಿ ಕೂತಲ್ಲಿಂದಲೇ. "ಬೀರು ಒಳಗೆ ತರೋವಾಗ ಅಳತೆ ಸರಿಯಾಗೇ ಇತ್ತು. ಆಗ ಈ ಬಾಗಿಲಿಗೆ ಚೌಕಟ್ಟು ಕೂರಿಸಿರ್ಲಿಲ್ಲ."

ಅವರ ದನಿಯಲ್ಲಿ ಅಳುವಿನ ಸುಳಿವೇ ಇರಲಿಲ್ಲ. ಯಾರೋ ಪಕ್ಕದ ಮನೆಯವರ ಬೀರುವಿನ ಬಗ್ಗೆ ಹೇಳುತ್ತಿರುವಂತಿತ್ತು.

ಕೊನೆಗೂ ಬೀರು ಕಿರ್ರೆಂದು ಬಾಗಿಲು ದಾಟಿತು. ದಾಟುವಾಗ ಚಿಕ್ಕ ಗುಮಾಸ್ತೆಯ ಬೆರಳಿನ ಚರ್ಮವನ್ನೂ ಒಂದಿಷ್ಟು ಕಿತ್ತುಕೊಂಡು ಹೋಯಿತು. ರಕ್ತ ಜಿನುಗಿತು, ನೋವಾಗಲಿಲ್ಲ. ನಿನ್ನೆ ಮಧ್ಯಾಹ್ನದಿಂದ ಅವಳಿಗೆ ಏನೂ ಆಗುತ್ತಿರಲಿಲ್ಲ. ಹಸಿವಿಲ್ಲ, ಕಣ್ಣೀರಿಲ್ಲ, ಯಾರಾದರೂ ಏನಾದರೂ ಹೇಳಿದರೆ ಎದ್ದು ಮಾಡುತ್ತಿದ್ದಳು, ಅಷ್ಟೆ. ಕೈಕಾಲುಗಳನ್ನು ಯಾರಿಂದಲೋ ಎರವಲು ತಂದ ಹಾಗಿತ್ತು.

"ಹೋಗಿ ತೊಳ್ಕೊ," ಎಂದರು ಹೆಂಡತಿ. "ಬಚ್ಚಲು ಬಲಗಡೆಗಿದೆ. ನಲ್ಲಿ ಜೋರಾಗಿ ತಿರುಗಿಸ್ಬೇಡ, ಕೈಗೇ ಬಂದ್ಬಿಡುತ್ತೆ."

ಬಚ್ಚಲಲ್ಲಿ ಅವಳು ಚಾಚಿದ ಕೈಯನ್ನು ಹಾಗೇ ಹಿಡಿದು ನಿಂತಳು. ಅದು ಮನೆ ಕಟ್ಟಿದಾಗ ಹಾಕಿದ ನಲ್ಲಿ ಇರಬೇಕು. ಕುತ್ತಿಗೆಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ದಾರ ಬಿಗಿದಿದ್ದರು. ತಿರುಗಿಸುವ ಹಿಡಿ ಎಂದೋ ಮುರಿದುಹೋಗಿ ಅದರ ಜಾಗದಲ್ಲಿ ಒಂದು ಇಕ್ಕಳ ಕಚ್ಚಿಕೊಂಡಿತ್ತು. ಕೆಳಗಿಟ್ಟ ಬಕೆಟ್ಟಿಗೆ ನೀರು ತೊಟ್ಟಿಕ್ಕುತ್ತಲೇ ಇತ್ತು. ಇಕ್ಕಳ ಹಿಡಿದು ಮೆಲ್ಲಗೆ ತಿರುಗಿಸಿ ಬೆರಳು ತೊಳೆದುಕೊಂಡು ಬಂದಳು.

"ನಲ್ಲಿ ಅಂಗಡಿ ಗುಮಾಸ್ತರ ಮನೆ ನಲ್ಲಿ ನೋಡಿದ್ಯಾ?" ಎಂದರು ಹೆಂಡತಿ. "ಅಡುಗೆಮನೇದೂ ಇದರ ತಂಗಿನೇ. ಹೊಸದು ಒಂದೇ ಒಂದು ತನ್ನಿ ಅಂತ ಹತ್ತು ವರ್ಷ ಬಾಯಿ ನೋಯಿಸ್ಕೊಂಡೆ. ಈ ವರ್ಷ ಕೈ ಬಿಗಿ, ಬರೋ ವರ್ಷ ನೋಡೋಣ ಅನ್ನೋರು. ಕುಡಿಯೋ ಮನುಷ್ಯ ಅಲ್ಲ, ಇಸ್ಪೀಟ್ ಆಡೋ ಮನುಷ್ಯ ಅಲ್ಲ. ವರ್ಷದ ಕೊನೇ ತಿಂಗಳ ಸಂಬಳ ಅದೆಲ್ಲಿ ಕರಗ್ತಿತ್ತೋ, ಕೇಳಿದ್ರೆ ಬಾಯಿಗೆ ಬೀಗ."

ಚಿಕ್ಕ ಗುಮಾಸ್ತೆ ಬೆರಳಿಗೆ ಕರವಸ್ತ್ರ ಸುತ್ತಿಕೊಂಡಳು.

*

ಹನ್ನೆರಡು ವರ್ಷದ ಹಿಂದೆ, ಅವಳು ಕೆಲಸಕ್ಕೆ ಸೇರಿದ ಐದನೇ ತಿಂಗಳಲ್ಲಿ, ಒಂದು ಲಾರಿ ಬಂತು. ಹಿತ್ತಾಳೆಯ ಅರ್ಧ ಇಂಚಿನ ನಲ್ಲಿ, ಹನ್ನೆರಡು ಡಬ್ಬ, ಡಬ್ಬಕ್ಕೆ ಇಪ್ಪತ್ತನಾಲ್ಕು. ಚಾಲಕ ಚೀಟಿ ಚಾಚಿದ ಹೊತ್ತಿಗೇ ಅವಳ ಫೋನು ಬಡಿದುಕೊಂಡಿತು. ಮಗುವನ್ನು ನೋಡಿಕೊಳ್ಳುವ ಹೆಂಗಸು ಜ್ವರ ನೆತ್ತಿಗೇರಿದೆ, ಕಣ್ಣು ಮೇಲೆ ಮಾಡುತ್ತಿದೆ ಎಂದು ಕೂಗುತ್ತಿದ್ದಳು. ಮನೆಯಲ್ಲಿ ಗಂಡನೆಂಬವನು ಇರಲಿಲ್ಲ. ಹೋದವನು ಹೋದ ದಿಕ್ಕಿಗೇ ಇದ್ದ. ಅವಳು ಎಣಿಸಲಿಲ್ಲ. ಸಹಿ ಹಾಕಿ ಓಡಿದಳು.

ಬಂದಿದ್ದು ಎಂಟೇ ಡಬ್ಬ. ಅದು ಗೊತ್ತಾಗಿದ್ದು ವರ್ಷದ ಕೊನೆಯ ಎಣಿಕೆಯಲ್ಲಿ. ಅಷ್ಟು ಹೊತ್ತಿಗೆ ಸರಕು ಕಳಿಸಿದವರನ್ನು ಕೇಳುವ ಹಾಗಿರಲಿಲ್ಲ, ಅವರ ಕೈಯಲ್ಲಿ ಅವಳ ಸಹಿಯಿತ್ತು. ಕಡಿಮೆ ಬಿದ್ದ ನಲ್ಲಿಗಳ ಬೆಲೆ ಅವಳ ಏಳು ತಿಂಗಳ ಸಂಬಳಕ್ಕೆ ಸಮ, ಕೆಲಸವೋ ಇನ್ನೂ ಕಾಯಂ ಆಗಿರಲಿಲ್ಲ.

ಹೊಸ ವ್ಯಾಪಾರದ ವರ್ಷ ತೆರೆಯುವುದಕ್ಕೆ ದೊಡ್ಡ ಗುಮಾಸ್ತರದೇ ಒಂದು ಪದ್ಧತಿಯಿತ್ತು. ಮೊದಲ ದಿನ ಬೆಳಿಗ್ಗೆ ಲೆಕ್ಕದ ಸಾಫ್ಟ್‌ವೇರ್, ಹಿಂದಿನ ವರ್ಷದ ಉಳಿಕೆಯನ್ನೆಲ್ಲ ಆರಂಭದ ದಾಸ್ತಾನಾಗಿ ತಾನೇ ಹೊತ್ತು ತರಲೇ ಎಂದು ಕೇಳುತ್ತದೆ. 'ಹೌದು' ಎಂದು ಒತ್ತಿದರೆ ಒಂದು ನಿಮಿಷದ ಕೆಲಸ. ಊರಿನ ಗುಮಾಸ್ತರೆಲ್ಲ 'ಹೌದು' ಒತ್ತಿ ಚಹಾ ಕುಡಿಯಲು ಹೋಗುತ್ತಿದ್ದರು. ಇವರು 'ಬೇಡ' ಒತ್ತುತ್ತಿದ್ದರು. ಸಾವಿರದ ನೂರ ನಲವತ್ತು ಬಗೆಯ ಸರಕು, ಒಂದೊಂದನ್ನೂ ಎಣಿಕೆ ಪಟ್ಟಿಯಿಂದ ಅವಳು ಓದಬೇಕು, ಅವರು ಟೈಪು ಮಾಡಬೇಕು. "ಯಂತ್ರ ತಂದು ಕೊಟ್ಟಿದ್ದನ್ನ ನಂಬಬಾರದು, ಕಣ್ಣಿಗೆ ಕಂಡಿದ್ದನ್ನ ಬರೀಬೇಕು" ಅನ್ನುವುದು ಅವರ ಮಾತು. ಅಂಗಡಿಯ ಯಜಮಾನರಿಗೂ ಇದರ ಬಗ್ಗೆ ಹೆಮ್ಮೆಯಿತ್ತು.

ಆ ವರ್ಷ ಆ ನಲ್ಲಿಯ ಸಾಲಿಗೆ ಬಂದಾಗ ಅವಳು ಓದುವುದನ್ನು ನಿಲ್ಲಿಸಿ ಪಟ್ಟಿ ಕೆಳಗಿಳಿಸಿದಳು.

"ಎಷ್ಟು ಕಡಿಮೆ?" ಎಂದು ಕೇಳಿದರು ಅವರು, ಪರದೆಯಿಂದ ಕಣ್ಣು ತೆಗೆಯದೆ.

"ತೊಂಬತ್ತಾರು, ಸಾರ್."

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ ಸಾರ್."

"ಮುಂದಿನದು ಓದು."

ಅಷ್ಟೇ. ಕಣ್ಣಿಗೆ ಕಂಡಿದ್ದನ್ನಷ್ಟೇ ಬರೆಯುವ ಮನುಷ್ಯ ಅವತ್ತು ಯಾರ ಕಣ್ಣಿಗೂ ಕಾಣದ ತೊಂಬತ್ತಾರು ನಲ್ಲಿಗಳನ್ನು ಪುಸ್ತಕದ ಲೆಕ್ಕದಲ್ಲಿ ಅಟ್ಟದ ಮೇಲೆ ಕೂರಿಸಿದರು. ಆಮೇಲೆ ಪ್ರತಿ ವರ್ಷವೂ ಆ ಸಾಲು ಬರುತ್ತಿತ್ತು. ಅವಳು ಪಟ್ಟಿಯಲ್ಲಿದ್ದ ಸಂಖ್ಯೆ ಓದಿ ಕಿಟಕಿಯ ಕಡೆ ತಿರುಗುತ್ತಿದ್ದಳು. ಅವರು ತಮಗೆ ಬೇಕಾದ ಸಂಖ್ಯೆ ಒತ್ತುತ್ತಿದ್ದರು. ಪರದೆಯ ಮೇಲೆ ಏನು ಮೂಡಿತು ಎಂದು ಅವಳು ಒಮ್ಮೆಯೂ ನೋಡಲಿಲ್ಲ. ನೋಡದಿದ್ದರೆ ಅದು ಇಲ್ಲ ಎಂಬಂತೆ ಹನ್ನೆರಡು ವರ್ಷ ದಬ್ಬಿದಳು. ಮಗುವಿನ ಜ್ವರ ಇಳಿಯಿತು, ಅದು ಬೆಳೆದು ಕಾಲೇಜಿನ ಕೊನೆಯ ವರ್ಷಕ್ಕೂ ಬಂತು.

*

ಅಂಗಳದಲ್ಲಿ ಬಾಡಿಗೆಗೆ ತಂದ ಪ್ಲಾಸ್ಟಿಕ್ ಕುರ್ಚಿಗಳು. ಅಂಗಡಿಯವರು ಒಂದು ಕಡೆ, ನೆಂಟರು ಒಂದು ಕಡೆ, ಬೀದಿಯವರು ಗೇಟಿನ ಹತ್ತಿರ. ಮಗಳು-ಅಳಿಯ ರೈಲಿನಲ್ಲಿದ್ದಾರೆ, ಹನ್ನೊಂದಕ್ಕೆ ಇಳಿಯುತ್ತಾರೆ ಎಂಬ ಸುದ್ದಿಯಿತ್ತು. ಹಾಗಾಗಿ ಎಲ್ಲರೂ ಕಾಯುತ್ತ, ಕಾಯುವವರು ಆಡುವ ಮಾತು ಆಡುತ್ತ ಕೂತಿದ್ದರು.

"ಎಷ್ಟು ಜನ ಸೇರಿದೀವಿ ಗೊತ್ತಾ? ಅರವತ್ಮೂರು," ಎಂದ ಉದ್ದಣ್ಣ ಅವಳ ಪಕ್ಕದ ಕುರ್ಚಿಯಲ್ಲಿ ಕಾಲು ಮಡಚಿಕೊಳ್ಳಲಾಗದೆ ಒದ್ದಾಡುತ್ತ. "ಅವರ ಬದಲು ನಾನು ಎಣಿಸ್ದೆ. ಯಾರ ಮನೆ ಸಾವಿಗೆ ಹೋದ್ರೂ ತಲೆ ಎಣಿಸಿ ಬಂದು ಹೇಳೋರಲ್ಲ. ಬಣ್ಣದಂಗಡಿಯವನಿಗೆ ನೂರಾ ಎಂಟು ಅಂತೆ. ಅವನ ಸಾಲ ಅಷ್ಟು ಜನರ ಹತ್ರ ಇತ್ತು, ಅದಕ್ಕೆ ಬಂದಿದ್ರು ಅನ್ನೋರು."

ಹಿಂದಿನ ಸಾಲಿನಲ್ಲಿ ಒಬ್ಬರು ನಕ್ಕು, ನಕ್ಕಿದ್ದಕ್ಕೆ ಕೆಮ್ಮಿದರು.

ಯಜಮಾನರು ಮೊದಲ ಸಾಲಿನಲ್ಲಿ ಊರುಗೋಲಿನ ಮೇಲೆ ಎರಡೂ ಕೈಯಿಟ್ಟು ಕೂತಿದ್ದರು. ಅವರಿಗೂ ದೊಡ್ಡ ಗುಮಾಸ್ತರಿಗೂ ಮೂವತ್ತನಾಲ್ಕು ವರ್ಷದ ಒಡನಾಟ. ಅಂಗಡಿಯನ್ನು ಈಗ ನಡೆಸುತ್ತಿದ್ದ ಅವರ ಮಗ ಚಿಕ್ಕ ಯಜಮಾನ ಫೋನನ್ನು ಜೇಬಿಗೆ ಹಾಕುತ್ತ, ತೆಗೆಯುತ್ತ ನಿಂತಿದ್ದವನು ಅವಳನ್ನು ಕಂಡು ಹತ್ತಿರ ಬಂದ. ಕೆಟ್ಟ ಮನುಷ್ಯನಲ್ಲ. ಆದರೆ ಸಾವಿನ ಮನೆಯಲ್ಲಿ ಎಷ್ಟು ಮೆಲ್ಲಗೆ ಮಾತಾಡಬೇಕೆಂಬುದು ಅವನಿಗೆ ಗೊತ್ತಿರಲಿಲ್ಲ.

"ಮಣ್ಣಾದ ಮೇಲೆ ನೀವು ಸ್ವಲ್ಪ ಅಂಗಡಿಗೆ ಬರ್ಬೇಕಲ್ಲ. ಬೆಳಿಗ್ಗೆ ನಾನೇ ಹೊಸ ವರ್ಷ ತೆರೆಯೋಣ ಅಂತ ಕೂತೆ. ಹಳೇ ಉಳಿಕೆ ತರ್ಲಾ ಅಂತ ಕೇಳ್ತು, ಗೊತ್ತಿಲ್ಲದೆ ಒತ್ತೋದು ಬೇಡ ಅಂತ ಬಿಟ್ಟೆ. ಆರಂಭದ ದಾಸ್ತಾನು ಎಲ್ಲಾ ಸೊನ್ನೆ ತೋರಿಸ್ತಿದೆ. ಎರಡು ಲಾರಿ ಬಾಗಿಲಲ್ಲೇ ನಿಂತಿವೆ, ಒಂದು ಬಿಲ್ಲೂ ಹೊರಡ್ತಿಲ್ಲ."

"ಎಣಿಕೆ ಪಟ್ಟಿ ನನ್ನ ಚೀಲದಲ್ಲಿದೆ. ಬರ್ತೀನಿ."

"ಬೇರೆ ಪಾಸ್‌ವರ್ಡ್ ಏನಾದ್ರೂ ಇದೆಯಾ?"

"ಇಲ್ಲ, ಕೀಬೋರ್ಡ್ ಕೆಳಗೆ ಚೀಟಿ ಅಂಟಿಸಿದಾರೆ, ಅದೊಂದೇ."

"ಅದು ಸಿಕ್ತು. ಅದರಿಂದಲೇ ಒಳಗೆ ಹೋಗಿ ನೋಡಿದೆ." ಅವನು ಕುರ್ಚಿ ಎಳೆದುಕೊಂಡು ಕೂತ. "ಒಂದು ಮಾತು. ಹಿತ್ತಾಳೆ ಅರ್ಧ ಇಂಚಿನ ನಲ್ಲಿ ಇದೆಯಲ್ಲ, ಅದನ್ನ ಅವರು ಪ್ರತಿ ವರ್ಷ ಕೊನೇ ದಿನ ತಮ್ಮ ಹೆಸರಿಗೆ ಬಿಲ್ಲು ಮಾಡ್ಕೊಂಡಿದಾರೆ. ನಗದು, ಸ್ವಂತಕ್ಕೆ ಅಂತ ಬರೆದು. ಒಂದು ವರ್ಷ ಹತ್ತು, ಒಂದು ವರ್ಷ ಹದಿಮೂರು, ಮಗಳ ಮದುವೆ ವರ್ಷ ಎರಡೇ ಎರಡು. ಕೆಲಸದವರಿಗೆ ಕೊಡೋ ರಿಯಾಯಿತಿನೂ ತಗೊಂಡಿಲ್ಲ. ಹನ್ನೊಂದು ವರ್ಷದ್ದು ಕೂಡಿಸ್ದೆ, ಎಂಬತ್ತೈದು ನಲ್ಲಿ. ನಿಮಗೆ ಗೊತ್ತಿತ್ತಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ವರ್ಷದ ಕೊನೆಯ ದಿನ ಎಣಿಕೆ ಮುಗಿದ ಕೂಡಲೇ "ನೀನು ಮನೆಗೆ ನಡಿ, ಮಗು ಕಾಯ್ತಿರುತ್ತೆ" ಎಂದು ಅವರು ಅವಳನ್ನು ಸಾಗಹಾಕುತ್ತಿದ್ದರು.

"ಎಂಬತ್ತೈದಾ? ಈ ಮನೇಲಿರೋದು ಎರಡೇ ನಲ್ಲಿ," ಎಂದ ಉದ್ದಣ್ಣ. "ಎರಡೂ ಅಳ್ತಾ ಕೂತಿವೆ. ಈಗ ತಾನೇ ನೋಡ್ದೆ."

"ಅದನ್ನೇ ನಾನೂ ಕೇಳ್ತಿರೋದು," ಎಂದ ಚಿಕ್ಕ ಯಜಮಾನ. "ಹಾಗಾದ್ರೆ ಅಷ್ಟೂ ಎಲ್ಲಿ ಹೋದ್ವು? ಹೊರಗೆ ಮಾರ್ತಿದ್ರಾ? ಬಿಲ್ಲು ಎಂಟಕ್ಕೆ ಮಾಡಿ ಚೀಲದಲ್ಲಿ ಇಪ್ಪತ್ತು ಹೋಗ್ತಿತ್ತಾ? ನಾನು ಹಾಗೆ ಅಂತ ಹೇಳ್ತಿಲ್ಲ. ಆದ್ರೆ ಈ ಸಲ ಎಲ್ಲಾ ಹೊಸದಾಗಿ, ಶುದ್ಧವಾಗಿ ಶುರುವಾಗ್ಲಿ. ಮುಂದಿನ ವಾರ ಹೊರಗಿನವರನ್ನ ಕರೆಸಿ ಗೋಡೌನು ಎಣಿಸ್ತೀನಿ. ಲೆಕ್ಕ ಸರಿಹೋಗೋ ತನಕ ಅವರ ಸೇವಾವಧಿ ದುಡ್ಡು, ಗ್ರಾಚ್ಯುಟಿ, ತಡೆದಿಡ್ತೀನಿ. ಅಪ್ಪನಿಗೆ ಇನ್ನೂ ಹೇಳಿಲ್ಲ."

ಉದ್ದಣ್ಣ ನಾಲಿಗೆ ಕಚ್ಚಿಕೊಂಡ. ಉಪಕಾರ ಮಾಡಲು ಹೋಗಿ ಬೆಂಕಿಗೆ ತುಪ್ಪ ಸುರಿದಿದ್ದೇನೆ ಎಂದು ಅವನಿಗೆ ತಡವಾಗಿ ಹೊಳೆಯಿತು.

ಕೂಡಿಸಿ ಕಳೆಯುವುದು ಚಿಕ್ಕ ಗುಮಾಸ್ತೆಯ ಹೊಟ್ಟೆಪಾಡು. ತಲೆ ಮರಗಟ್ಟಿದ್ದರೂ ಅದು ತನ್ನ ಪಾಡಿಗೆ ನಡೆಯಿತು. ತೊಂಬತ್ತಾರರಲ್ಲಿ ಎಂಬತ್ತೈದು ಹೋದರೆ ಹನ್ನೊಂದು. ಚೀಲ ತೆರೆದು ಎಣಿಕೆ ಪಟ್ಟಿ ನೋಡುವ ಅಗತ್ಯವೂ ಇರಲಿಲ್ಲ. ಅವರು ಒಂದು ನಲ್ಲಿಯನ್ನೂ ಮನೆಗೆ ಒಯ್ದಿರಲಿಲ್ಲ. ಅಟ್ಟದ ಮೇಲೆ ಇಲ್ಲದ ನಲ್ಲಿಗಳನ್ನು ವರ್ಷಕ್ಕಿಷ್ಟು ಎಂದು ತಮ್ಮ ಸಂಬಳದಿಂದ ಕೊಂಡು, ಪುಸ್ತಕದಿಂದ ಇಳಿಸುತ್ತ ಬಂದಿದ್ದರು. ಅವಳಿಗೆ ಒಂದು ಮಾತೂ ಹೇಳದೆ. ಮನೆಯ ಬಚ್ಚಲಲ್ಲಿ ಇಕ್ಕಳ ಕಚ್ಚಿಸಿಕೊಂಡು.

ಅಳು ಬರಬೇಕಿತ್ತು, ಬರಲಿಲ್ಲ. ನಾಚಿಕೆಯಾಯಿತು, ಆದರೆ ಅದೂ ದೂರದಲ್ಲಿ ಯಾರಿಗೋ ಆದ ಹಾಗೆ. ಒಂದು ಮಾತ್ರ ಸ್ಪಷ್ಟವಾಗಿತ್ತು. ತಾನು ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ತನ್ನ ಮಗಳ ಓದು ಇನ್ನೊಂದು ವರ್ಷವಿದೆ. ಬಿಡದಿದ್ದರೆ ಒಳಗೆ ಮಲಗಿರುವವರ ಹೆಸರು ಹೋಗುತ್ತದೆ, ಗೋಡೆಗೊರಗಿ ಕೂತಿರುವ ಹೆಂಗಸಿನ ಕೈಗೆ ಬರಬೇಕಾದ ದುಡ್ಡೂ ಹೋಗುತ್ತದೆ.

"ಬರ್ತೀರಲ್ಲ?" ಎಂದ ಚಿಕ್ಕ ಯಜಮಾನ.

"ಬರ್ತೀನಿ," ಎಂದಳು.

*

ನಿನ್ನೆ ಎಣಿಕೆ ಮುಗಿದಾಗ ಮೂರೂವರೆ. ದೊಡ್ಡ ಗುಮಾಸ್ತರು ಕನ್ನಡಕ ಹಣೆಗೇರಿಸಿ ಪಟ್ಟಿ ಕೇಳಿದರು. ಅವಳು ಕೊಟ್ಟಳು. ಅವರ ಬೆರಳು ನೇರವಾಗಿ ಒಂದೇ ಸಾಲಿಗೆ ಹೋಗಿ ನಿಂತಿತು.

"ಇನ್ನೂರ ಮೂರಾ? ಸರಿಯಾಗಿ ಎಣಿಸಿದ್ಯಾ?"

"ಎರಡು ಸಲ ಎಣಿಸ್ದೆ ಸಾರ್. ಉದ್ದಣ್ಣನೂ ಎಣಿಸ್ದ."

ಅವರು ಹಿಂಬದಿಯ ಜೇಬಿನಿಂದ ಪಾಕೀಟು ತೆಗೆದು, ಉಗುಳು ಹಚ್ಚಿದ ಬೆರಳಿನಿಂದ ನೋಟು ಎಣಿಸಿ, ಮತ್ತೆ ಮಡಚಿಟ್ಟರು. ಮುಖದಲ್ಲಿ ಏನೋ ನಿರಾಳ. ಬರುವ ತಿಂಗಳು ಅವರಿಗೆ ನಿವೃತ್ತಿಯಿತ್ತು, ಅದಕ್ಕೇ ಇರಬೇಕು ಎಂದುಕೊಂಡಳು.

"ಇದೊಂದು ಮುಗಿದ್ರೆ ಆಯ್ತು ನೋಡು," ಎಂದರು. "ಆಮೇಲೆ ಈ ಕುರ್ಚಿ ನಿಂದು. ಕುಶನ್ ಬದಲಾಯಿಸ್ಕೊ, ಬೆನ್ನು ಹಿಡಿಯುತ್ತೆ. ಸ್ವಲ್ಪ ನೀರು ಕೊಡ್ತೀಯಾ?"

ನೀರಿನ ಯಂತ್ರ ಇದ್ದದ್ದು ಹದಿನೈದು ಹೆಜ್ಜೆ ದೂರ. ಲೋಟ ತುಂಬಿಸಿಕೊಂಡು ಬಂದಳು. ಅವರು ಕುರ್ಚಿಯಲ್ಲೇ ಇದ್ದರು, ಕನ್ನಡಕ ಹಣೆಯ ಮೇಲೇ ಇತ್ತು. "ಸಾರ್, ನೀರು," ಎಂದಳು. ಇನ್ನೊಮ್ಮೆ ಹೇಳಿದಳು. ಆಮೇಲೆ ಲೋಟವನ್ನು ಎಲ್ಲಿ ಇಡುವುದೆಂದು ತಿಳಿಯದೆ ತುಂಬಾ ಹೊತ್ತು ಹಿಡಿದೇ ನಿಂತಿದ್ದಳು.

*

ಮಗಳು-ಅಳಿಯ ಬಂದರು. ಮಗಳು ಒಮ್ಮೆ ಜೋರಾಗಿ ಅತ್ತಳು, ಆಮೇಲೆ ಅವಳೂ ತಾಯಿಯ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಳು. ಪೆಟ್ಟಿಗೆ ನಡುಮನೆಯ ಬಾಗಿಲು ದಾಟಿತು, ಎಲ್ಲೂ ತಗಲಲಿಲ್ಲ. ವಾಹನದ ಹಿಂದೆ ಎಲ್ಲರೂ ನಡೆದರು. ಸ್ಮಶಾನ ದೂರವಿರಲಿಲ್ಲ, ಎರಡು ಬೀದಿ, ಒಂದು ಗ್ಯಾರೇಜು, ಆಮೇಲೆ ಕಬ್ಬಿಣದ ಗೇಟು. ಕಾವಲುಗಾರ ಹೆಸರು, ವಯಸ್ಸು, ಉದ್ಯೋಗ ಕೇಳಿ ಪುಸ್ತಕದಲ್ಲಿ ಬರೆದುಕೊಂಡ. ವಯಸ್ಸಿನ ಜಾಗದಲ್ಲಿ ತಪ್ಪು ಬರೆದು ಹೊಡೆದು ಹಾಕಿದ.

ಸರದಿಯಲ್ಲಿ ಒಬ್ಬೊಬ್ಬರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಅವಳೂ ಹಾಕಿದಳು. ಮಣ್ಣು ಒಣಗಿತ್ತು, ಕೈಗೆ ಅಂಟಲೂ ಇಲ್ಲ.

ಹಿಂತಿರುಗುವಾಗ ಗುಮಾಸ್ತರ ಹೆಂಡತಿ ಅವಳ ತೋಳು ಹಿಡಿದುಕೊಂಡು ನಡೆದರು.

"ಗ್ಯಾಸ್ ಸಿಲಿಂಡರ್ ಬಂದ ದಿನ ಬಾಗಿಲ ಹಿಂದೆ ಬರೀತಿದ್ರು," ಎಂದರು. "ಮೂವತ್ತು ವರ್ಷದ್ದು ಇದೆ. ಬಾಗಿಲಿಗೆ ಬಣ್ಣ ಹೊಡೀಬೇಕು ಅಂದ್ರೆ ಬೇಡ, ಲೆಕ್ಕ ಅಳಿಸಿಹೋಗುತ್ತೆ ಅನ್ನೋರು. ಅದನ್ನ ಇಟ್ಕೊಂಡು ನಾನು ಏನ್ ಮಾಡ್ಲಿ ಹೇಳು?"

"ಅಕ್ಕ, ನಾನು..." ಎಂದಳು ಚಿಕ್ಕ ಗುಮಾಸ್ತೆ.

"ನಿನ್ನ ಬಗ್ಗೆ ತುಂಬಾ ಹೇಳೋರು. ಹುಡುಗಿ ಚುರುಕು, ಒಂದೇ ಒಂದು ಸಲ ಎಡವಿದ್ದು ಅಂತ. ಎಲ್ಲಿ ಎಡವಿದ್ಳು ಅಂದ್ರೆ ಮಾತು ಹಾರಿಸೋರು." ಅವರು ನಿಂತು ಸೆರಗಿನಿಂದ ಮುಖ ಒರೆಸಿಕೊಂಡರು. "ಆ ದುಡ್ಡು ಬಂದ್ರೆ ಮನೆ ಸಾಲ ತೀರುತ್ತೆ. ಉಳಿದದ್ದು ಹೇಗೋ ಆಗುತ್ತೆ ಬಿಡು."

ಗೇಟಿನಾಚೆ ಚಿಕ್ಕ ಯಜಮಾನ ಕಾರಿನ ಬಾಗಿಲು ತೆರೆದು ಕಾಯುತ್ತಿದ್ದ.

*

ಅಂಗಡಿಯ ಮುಂದೆ ಎರಡು ಲಾರಿ ನಿಂತಿದ್ದವು, ಚಾಲಕರು ನೆರಳಲ್ಲಿ ಮಲಗಿದ್ದರು. ಯಜಮಾನರು ಮನೆಗೆ ಹೋಗಲೊಪ್ಪದೆ ಮಗನ ಜೊತೆಗೇ ಬಂದು ಗಲ್ಲಾದ ಪಕ್ಕ ಕೂತರು. ಚಿಕ್ಕ ಗುಮಾಸ್ತೆ ದೊಡ್ಡ ಗುಮಾಸ್ತರ ಕುರ್ಚಿಯಲ್ಲಿ ಕೂರಲಾರದೆ ತನ್ನ ಸ್ಟೂಲನ್ನು ಅವರ ಮೇಜಿಗೆ ಎಳೆದುಕೊಂಡಳು. ವರ್ಷ ತೆರೆಯುವ ಅಧಿಕಾರ ಇದ್ದದ್ದು ಅವರ ಹೆಸರಿಗೆ ಮಾತ್ರ. ಚೀಟಿಯಲ್ಲಿದ್ದ ಪಾಸ್‌ವರ್ಡ್ ಒತ್ತಿ ಒಳಗೆ ಹೋದಳು. ಪರದೆಯ ಮೂಲೆಯಲ್ಲಿ ಅವರ ಹೆಸರು ಮೂಡಿತು, ಒಂದು ನಮಸ್ಕಾರದೊಂದಿಗೆ.

ಹಿಂದಿನ ವರ್ಷದ ಉಳಿಕೆಯನ್ನು ತರಲೇ ಎಂದು ಅದು ಕೇಳಿತು.

"ಹೌದು ಅಂತ ಒತ್ತಿಬಿಡಿ," ಎಂದ ಚಿಕ್ಕ ಯಜಮಾನ.

"ಬೇಡ," ಎಂದಳು. "ಅವರ ಪದ್ಧತಿಯಲ್ಲೇ ಮಾಡ್ತೀನಿ. ನೀವು ಓದಿ."

ಅವನಿಗೆ ಅಚ್ಚರಿಯಾಯಿತು, ಆದರೂ ಪಟ್ಟಿ ತೆಗೆದುಕೊಂಡ. ಓದಿದ. ಮೊಳಕೈ ಪೈಪು, ಮುಕ್ಕಾಲು ಇಂಚು, ನಾನೂರ ಹತ್ತು. ಟೀ ಜೋಡಣೆ, ಒಂದು ಇಂಚು, ನೂರ ಎಂಬತ್ತು. ಅವಳ ಬೆರಳುಗಳು ಓಡುತ್ತಿದ್ದವು. ಹೀಗೆ ಒಂದು ಗಂಟೆ ನಡೆಯಿತು. ಯಜಮಾನರ ಕಣ್ಣು ಮುಚ್ಚಿತ್ತು, ಆದರೆ ಊರುಗೋಲಿನ ಮೇಲೆ ಬೆರಳು ಆಡುತ್ತಿತ್ತು.

"ಹಿತ್ತಾಳೆ ನಲ್ಲಿ, ಅರ್ಧ ಇಂಚು, ಇನ್ನೂರ ಮೂರು," ಎಂದು ಓದಿದವನೇ ಅವನು ಪಟ್ಟಿ ಕೆಳಗಿಟ್ಟು ತನ್ನ ಫೋನು ತೆಗೆದ. "ತಾಳಿ. ಬೆಳಿಗ್ಗೆ ಗುರುತು ಹಾಕ್ಕೊಂಡಿದ್ದೆ. ಹಳೇ ವರ್ಷದ ಪುಸ್ತಕದಲ್ಲಿ ಇನ್ನೂರ ಹದಿನಾಲ್ಕಿದೆ. ನೋಡಿದ್ರಾ ಅಪ್ಪ? ಹನ್ನೊಂದು ಕಡಿಮೆ. ನಾನು ಸುಮ್ಮನೆ ಅನುಮಾನ ಪಡ್ಲಿಲ್ಲ."

"ಹನ್ನೊಂದಲ್ಲ," ಎಂದಳು ಅವಳು. "ತೊಂಬತ್ತಾರು."

ತನ್ನ ದನಿ ಇಷ್ಟು ಸಪ್ಪೆಯಾಗಿ ಹೊರಡುತ್ತದೆಂದು ಅವಳು ಎಣಿಸಿರಲಿಲ್ಲ. ಅದೇ ದನಿಯಲ್ಲಿ ಎಲ್ಲವನ್ನೂ ಹೇಳಿದಳು. ಲಾರಿ, ಫೋನು, ಎಂಟು ಡಬ್ಬ, ಹನ್ನೆರಡಕ್ಕೆ ಹಾಕಿದ ಸಹಿ. ಅವರು ಅಟ್ಟದ ಮೇಲೆ ಕೂರಿಸಿದ ಸಂಖ್ಯೆ. ತಾನು ಕಿಟಕಿ ನೋಡಿದ್ದು. ಸಮರ್ಥನೆಗೆ ಮಗುವಿನ ಜ್ವರದ ಮಾತು ತೆಗೆಯಲಿಲ್ಲ. ಎಂಬತ್ತೈದಕ್ಕೆ ಬಂದಾಗ ಚಿಕ್ಕ ಯಜಮಾನನೇ ತಡೆದ.

"ಅಂದ್ರೆ ಅವರು ದುಡ್ಡು ಕೊಟ್ಟು ಕೊಂಡಿದ್ದು ಇಲ್ಲದೇ ಇರೋ ನಲ್ಲಿಗಳನ್ನಾ?"

"ಹೌದು."

"ಪ್ರತಿ ವರ್ಷ?"

"ನನಗೂ ಇವತ್ತು ಬೆಳಿಗ್ಗೆ ನೀವು ಹೇಳಿದಾಗಲೇ ಗೊತ್ತಾಗಿದ್ದು."

ಅವನು ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟ. ಹೊರಗೆ ಲಾರಿ ಚಾಲಕನೊಬ್ಬ ಗೊರಕೆ ಹೊಡೆಯುತ್ತಿದ್ದ.

"ಇಷ್ಟು ವರ್ಷ ನನ್ನ ಕಣ್ಣೆದುರಿಗೇ ಇದ್ದೆಯಲ್ಲ," ಎಂದರು ಯಜಮಾನರು. "ಒಂದು ದಿನ ಹೇಳ್ಬೇಕು ಅನ್ನಿಸ್ಲಿಲ್ವಾ?"

"ಪ್ರತಿ ವರ್ಷ ಮೊದಲನೇ ದಿನ ಅನ್ನಿಸೋದು, ಯಜಮಾನ್ರೇ. ಎರಡನೇ ದಿನ ಮರೆತುಬಿಡ್ತಿದ್ದೆ."

ಯಜಮಾನರು ಮಗನ ಕಡೆ ತಿರುಗಿದರು. "ಆ ಹೆಣ್ಣುಮಗಳ ದುಡ್ಡು ನಾಳೆ ಬೆಳಿಗ್ಗೆ ಅವಳ ಕೈ ಸೇರ್ಬೇಕು. ಪೂರ್ತಿ. ನೀನೇ ಹೋಗಿ ಕೊಟ್ಟು ಬಾ." ಆಮೇಲೆ ಅವಳನ್ನು ನೋಡದೆಯೇ ಹೇಳಿದರು, "ನಿನ್ನ ವಿಷಯ ಒಂದು ವಾರ ಹೋಗ್ಲಿ. ಈಗ ಬಾಯಿ ತೆರೆದ್ರೆ ನನ್ನಿಂದ ಒಳ್ಳೇ ಮಾತು ಹೊರಡಲ್ಲ."

"ಆಗ್ಲಿ."

"ಮೊದಲು ಇನ್ನೂರ ಹದಿನಾಲ್ಕೇ ಹಾಕು. ಹಳೇ ಪುಸ್ತಕ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರುವಾಗ್ಲಿ. ಅದರ ಕೆಳಗೆ ಹನ್ನೊಂದು ಕೊರತೆ ಅಂತ ಬರಿ." ಊರುಗೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿದರು. "ಅದನ್ನ ಅವನ ಹೆಸರಲ್ಲಿ ಬರೀಬೇಡ. ಆಚೆ ಬಂದು ನಿನ್ನ ಹೆಸರಿಂದ ಒಳಗೆ ಹೋಗು."

ಅವಳು ಇನ್ನೂರ ಹದಿನಾಲ್ಕು ಒತ್ತಿದಳು. ಅವರ ಹೆಸರಿನಿಂದ ಆಚೆ ಬಂದಳು. ತನ್ನ ಹೆಸರು ಒತ್ತಿ ಒಳಗೆ ಹೋದಳು. ಹನ್ನೊಂದು, ಕೊರತೆ. ಕಾರಣ ಎಂಬಲ್ಲಿ ಸಾಫ್ಟ್‌ವೇರ್ ಖಾಲಿ ಬಿಡಲು ಬಿಡಲಿಲ್ಲ. 'ಎಣಿಸದೆ ಸಹಿ ಹಾಕಿದ್ದು' ಎಂದು ಬರೆದಳು. ಮತ್ತೆ ಆಚೆ ಬಂದು, ಮತ್ತೆ ಅವರ ಹೆಸರಿನಿಂದ ಒಳಗೆ ಹೋಗಿ, "ಓದಿ," ಎಂದಳು. ಚಿಕ್ಕ ಯಜಮಾನ ಓದಿದ. ಅವನ ದನಿ ಈಗ ಸಾವಿನ ಮನೆಯಲ್ಲಿ ಇರಬೇಕಾದಷ್ಟು ತಗ್ಗಿತ್ತು.

ಮುಗಿದಾಗ ಐದೂವರೆ. ಲಾರಿಗಳಿಗೆ ಬಿಲ್ಲು ಹರಿದು ಕೊಟ್ಟರು. ಆರಂಭದ ದಾಸ್ತಾನಿನ ಪಟ್ಟಿಯನ್ನು ಯಜಮಾನರ ಸಹಿಗೆಂದು ಪ್ರಿಂಟರಿಗೆ ಕಳಿಸಿದಳು. ಮೂವತ್ತೊಂದು ಪುಟ ಒಂದೊಂದಾಗಿ ಬಿಸಿಬಿಸಿಯಾಗಿ ಹೊರಬಂದವು. ಕೊನೆಯ ಕಾಲಮಿನಲ್ಲಿ ನಮೂದಿಸಿದವರ ಹೆಸರು, ಇವತ್ತಿನ ತಾರೀಖು, ವೇಳೆ. ಮೂರು ಗಂಟೆ ಹತ್ತು ನಿಮಿಷಕ್ಕೆ ಅವರು, ಅದೇ ನಿಮಿಷಕ್ಕೆ ಮತ್ತೆ ಅವರು, ಮತ್ತೆ ಅವರು. ಮಣ್ಣಾಗಿ ಎರಡು ಗಂಟೆ ಕಳೆದ ಮೇಲೆ ದೊಡ್ಡ ಗುಮಾಸ್ತರು ಸಾವಿರದ ನೂರ ನಲವತ್ತು ಸಾಲು ಬರೆದಿದ್ದರು, ಒಂದೂ ತಪ್ಪಿಲ್ಲದೆ. ಯಜಮಾನರು ಕನ್ನಡಕ ಹಾಕಿಕೊಂಡು ಪುಟದಿಂದ ಪುಟಕ್ಕೆ ಬೆರಳು ಇಳಿಸುತ್ತ ಬಂದರು. ಹದಿನೇಳನೇ ಪುಟದ ನಡುವೆ ಅವರ ಬೆರಳು ನಿಂತಿತು. ಮೇಲೆ ಉದ್ದಕ್ಕೂ ದೊಡ್ಡ ಗುಮಾಸ್ತರ ಹೆಸರು, ಕೆಳಗೆ ಉದ್ದಕ್ಕೂ ಅವರ ಹೆಸರು, ಮಧ್ಯೆ ಒಂದೇ ಒಂದು ಸಾಲಿನಲ್ಲಿ ಅವಳದು.